ಗರ್ಭಕಂಠದ ಕ್ಯಾನ್ಸರ್ ತಪಾಸಣೆ: ಯಂತ್ರ ಓದುವ ಸ್ಲೈಡಿಗೆ ಜೀವಕೋಶಗಳನ್ನು ಸಿದ್ಧಪಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳನ್ನು ಕೇಳಿದವರು ತಪಾಸಣೆಗೆ ಬರುವ ಮಹಿಳೆಯರು, ಮಾದರಿ ತೆಗೆಯುವ ನರ್ಸ್‌ಗಳು, ಲ್ಯಾಬ್ ಟೆಕ್ನೀಷಿಯನ್‌ಗಳು ಮತ್ತು ಪೆಥಾಲಜಿ ವಿದ್ಯಾರ್ಥಿಗಳು. ಯಂತ್ರದ ಬಗ್ಗೆ ಕುತೂಹಲವಿರುವಷ್ಟು ಅದಕ್ಕೆ ಕೊಡುವ ಗಾಜಿನ ಬಗ್ಗೆ ಕಾಳಜಿ ಇರುವುದಿಲ್ಲ. ಗಾಜಿನ ಮೇಲೆ ಬಾರದ ಜೀವಕೋಶವನ್ನು ಯಾವ ಯಂತ್ರವೂ ಕಾಣಲಾರದು. ಆದ್ದರಿಂದ ಯಂತ್ರಕ್ಕೆ ಮೊದಲು ನಡೆಯುವ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

## ಮೊದಲ ಪ್ರಶ್ನೆಗಳು

ಪ್ಯಾಪ್ ಪರೀಕ್ಷೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ? ನೋವಾಗುತ್ತದೆಯೇ?

ಗರ್ಭಕೋಶದ ಬಾಯಿಯಾದ ಗರ್ಭಕಂಠದ ಮೇಲ್ಮೈಯಿಂದ ಮೃದುವಾದ ಬ್ರಷ್‌ನಲ್ಲಿ ಜೀವಕೋಶಗಳನ್ನು ಸವರಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ, ಮಾಂಸದ ತುಂಡನ್ನು ಕತ್ತರಿಸುವುದಿಲ್ಲ. ಒಳಗೆ ಸ್ವಲ್ಪ ಒತ್ತಿದಂತಾಗಬಹುದು, ಅನಂತರ ಒಂದೆರಡು ಹನಿ ರಕ್ತ ಕಾಣಿಸಬಹುದು, ಅದಕ್ಕೆ ಹೆದರಬೇಕಿಲ್ಲ.

ಯೋನಿದ್ರವದಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಗುರುತಿಸಬಹುದೆಂದು ಈ ಪರೀಕ್ಷೆಗೆ ತಮ್ಮ ಹೆಸರು ಕೊಟ್ಟ ಜಾರ್ಜ್ ಪಾಪನಿಕೊಲಾವ್ 1928ರಲ್ಲಿ ಹೇಳಿದರು. ಆ ಮಾತಿಗೆ ವೈದ್ಯಲೋಕದ ಮನ್ನಣೆ ಸಿಕ್ಕಿದ್ದು 1941ರಲ್ಲಿ ಅವರು ಹರ್ಬರ್ಟ್ ಟ್ರಾಟ್ ಜೊತೆ ಪ್ರಕಟಿಸಿದ ಪ್ರಬಂಧದ ನಂತರ. ಎಚ್‌ಪಿವಿ ವೈರಸ್ ದೇಹದಲ್ಲಿ ಬಹುಕಾಲ ಉಳಿದುಕೊಂಡಾಗ ಜೀವಕೋಶಗಳು ನಿಧಾನವಾಗಿ ಬದಲಾಗುತ್ತವೆ, ಅವು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಈ ದೀರ್ಘ ಅವಧಿಯೇ ತಪಾಸಣೆಗೆ ಸಿಗುವ ಅವಕಾಶ. ಆದರೂ 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಮೊದಲೇ ಕಂಡುಹಿಡಿದು ತಡೆಯಬಹುದಾದ ಕಾಯಿಲೆಯಲ್ಲಿ ಇಷ್ಟು ಸಾವುಗಳಾಗುವುದು ಒಪ್ಪಿಕೊಳ್ಳುವಂಥದ್ದಲ್ಲ.

ಮಾದರಿ ಕೊಡುವ ಮೊದಲು ನಾನೇನು ಸಿದ್ಧತೆ ಮಾಡಿಕೊಳ್ಳಬೇಕು?

ಮುಟ್ಟಿನ ದಿನಗಳನ್ನು ಬಿಟ್ಟು ಬನ್ನಿ; ಮುಟ್ಟು ಶುರುವಾಗಿ ಸುಮಾರು ಎರಡು ವಾರವಾದ ಹೊತ್ತು ಅತ್ಯುತ್ತಮ. ಹಿಂದಿನ ಎರಡು ದಿನ ಯೋನಿಯೊಳಗೆ ಹಾಕುವ ಮಾತ್ರೆ ಅಥವಾ ಮುಲಾಮು ಬಳಸಬೇಡಿ, ಒಳಗೆ ನೀರು ಹಾಯಿಸಿ ತೊಳೆಯಬೇಡಿ, ಲೈಂಗಿಕ ಸಂಪರ್ಕವೂ ಬೇಡ. ತೊಳೆದರೆ ನಮಗೆ ಬೇಕಾದ ಜೀವಕೋಶಗಳೇ ಹರಿದುಹೋಗುತ್ತವೆ, ಮುಲಾಮು ಹಚ್ಚಿದರೆ ಅವು ಮುಚ್ಚಿಹೋಗುತ್ತವೆ. ಆದರೆ ಅಕಾಲಿಕ ರಕ್ತಸ್ರಾವ, ದುರ್ವಾಸನೆಯ ಬಿಳುಪು ಅಥವಾ ಸಂಪರ್ಕದ ನಂತರ ರಕ್ತ ಕಾಣಿಸುವ ತೊಂದರೆ ಇರುವವರು ಸರಿಯಾದ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಅವರಿಗೆ ಬೇಕಾದದ್ದು ತಪಾಸಣೆಯಲ್ಲ, ಪೂರ್ಣ ಪರೀಕ್ಷೆ.

ಯಂತ್ರವೇ ಓದುತ್ತದೆ ಎಂದರೆ ಡಾಕ್ಟರು ನೋಡುವುದೇ ಇಲ್ಲವೇ?

ನೋಡುತ್ತಾರೆ. ಯಂತ್ರವು ಇಡೀ ಸ್ಲೈಡನ್ನು ಸ್ಕ್ಯಾನ್ ಮಾಡಿ, ಅನುಮಾನಕ್ಕೆ ಎಡೆಯಿರುವ ಜಾಗಗಳನ್ನು ಆರಿಸಿ ಮುಂದಿಡುತ್ತದೆ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಥಿನ್‌ಪ್ರೆಪ್ ಇಮೇಜಿಂಗ್ ವ್ಯವಸ್ಥೆ ಹೀಗೆ 22 ಜಾಗಗಳನ್ನು ತೋರಿಸುತ್ತದೆ. ತರಬೇತಿ ಪಡೆದವರು ಅವುಗಳನ್ನು ನೋಡಿ, ಒಂದರಲ್ಲಿ ಅನುಮಾನ ಬಂದರೂ ಇಡೀ ಸ್ಲೈಡನ್ನು ಕಣ್ಣಾರೆ ಓದಬೇಕು. ರೋಗವಿದೆಯೆಂದು ಹೇಳುವ ಜವಾಬ್ದಾರಿ ಪೆಥಾಲಜಿಸ್ಟರದ್ದೇ.

ಕಂಪ್ಯೂಟರ್ ಓದುವುದು ಎಐ ಬಂದ ಮೇಲಿನ ವಿಷಯವಲ್ಲವೇ?

ಅಲ್ಲ. 1950ರ ದಶಕದಲ್ಲೇ ಅಮೆರಿಕದಲ್ಲಿ ಸೈಟೊಅನಲೈಸರ್ ಎಂಬ ಯಂತ್ರವನ್ನು ಕಟ್ಟಿದ್ದರು. ಒಂದರ ಮೇಲೊಂದು ಬಿದ್ದ ಜೀವಕೋಶಗಳನ್ನೂ ಬಿಳಿ ರಕ್ತಕಣಗಳ ಗುಂಪುಗಳನ್ನೂ ಅದು ಅಸಹಜ ನ್ಯೂಕ್ಲಿಯಸ್ ಎಂದೇ ಎಣಿಸುತ್ತಿದ್ದುದರಿಂದ ಬಳಕೆಗೆ ಬರಲಿಲ್ಲ. 1990ರ ದಶಕದಲ್ಲಿ ಪ್ಯಾಪ್‌ನೆಟ್ ಮತ್ತು ಆಟೊಪ್ಯಾಪ್ ಬಂದವು. ಮಾದರಿಯನ್ನು ನೇರವಾಗಿ ಗಾಜಿಗೆ ಸವರದೆ, ದ್ರವದಲ್ಲಿ ಸಂಗ್ರಹಿಸಿ ತೆಳು ಪದರವಾಗಿ ಗಾಜಿನ ಮೇಲೆ ಕೂರಿಸುವ ವಿಧಾನಕ್ಕೆ 1996ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಈ ಚರಿತ್ರೆಯನ್ನು ನೋಡಿದರೆ ಯಂತ್ರದ ದಾರಿ ಸುಗಮವಾದದ್ದು ಕಂಪ್ಯೂಟರ್‌ನ ವೇಗ ಹೆಚ್ಚಿದ್ದರಿಂದ ಮಾತ್ರವಲ್ಲ, ಸ್ಲೈಡ್ ಸ್ವಚ್ಛವಾದದ್ದರಿಂದಲೂ ಹೌದು ಎಂಬುದು ಸ್ಪಷ್ಟವಾಗುತ್ತದೆ.

## ಮಾದರಿ ತೆಗೆಯುವ ಕೋಣೆಯಲ್ಲಿ

ಮರದ ಕಡ್ಡಿಯಲ್ಲಿ ತೆಗೆದು ಅಭ್ಯಾಸವಾಗಿದೆ. ಪ್ಲಾಸ್ಟಿಕ್ ಬ್ರಷ್ಷೇ ಆಗಬೇಕೇ?

ದ್ರವದ ವಿಧಾನಕ್ಕೆ ಪ್ಲಾಸ್ಟಿಕ್ ಸಾಧನವೇ ಆಗಬೇಕು. ಮರದ ಸ್ಪಾಚುಲಾದ ಒರಟು ಮೈಯಲ್ಲಿ ಜೀವಕೋಶಗಳು ಸಿಕ್ಕಿಕೊಂಡು ದ್ರವಕ್ಕೆ ಇಳಿಯುವುದಿಲ್ಲ.

ಸಾಧನಕ್ಕಿಂತ ಮುಖ್ಯವಾದದ್ದು ಜಾಗ. ಗರ್ಭಕಂಠದ ಹೊರಭಾಗದ ಚಪ್ಪಟೆ ಜೀವಕೋಶಗಳೂ ಒಳನಾಳದ ಕಂಬದಾಕಾರದ ಜೀವಕೋಶಗಳೂ ಸೇರುವ ಪರಿವರ್ತನಾ ವಲಯದಲ್ಲಿಯೇ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಹೆಚ್ಚಾಗಿ ಹುಟ್ಟುತ್ತವೆ. ಪೊರಕೆಯಾಕಾರದ ಬ್ರಷ್‌ನ ನಡುವಿನ ಉದ್ದ ಎಳೆಗಳನ್ನು ನಾಳದೊಳಗೆ ತೂರಿಸಿ, ಪಕ್ಕದ ಗಿಡ್ಡ ಎಳೆಗಳು ಹೊರಭಾಗಕ್ಕೆ ಪೂರ್ತಿ ತಾಗುವಷ್ಟು ಒತ್ತಿ, ಒಂದೇ ದಿಕ್ಕಿನಲ್ಲಿ 5 ಸುತ್ತು ತಿರುಗಿಸಬೇಕು. ಸ್ಪಾಚುಲಾ ಮತ್ತು ನಾಳದ ಬ್ರಷ್ ಎರಡನ್ನೂ ಬಳಸುವವರು ಮೊದಲು ಸ್ಪಾಚುಲಾ ಬಳಸಲಿ. ನಾಳದ ಬ್ರಷ್ಷನ್ನು ಕಾಲು ಅಥವಾ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ರಕ್ತ ಬರುತ್ತದೆ. ಮುಟ್ಟು ನಿಂತ ನಂತರ ಪರಿವರ್ತನಾ ವಲಯವು ನಾಳದೊಳಗೆ ಸರಿದಿರುತ್ತದೆ. ಅಂಥವರಲ್ಲಿ ಪೊರಕೆ ಬ್ರಷ್ ಒಂದನ್ನೇ ನಂಬುವುದು ಸಾಲದು.

ಬ್ರಷ್ಷನ್ನು ಡಬ್ಬಿಯ ದ್ರವದಲ್ಲಿ ಅದ್ದಿ ತೆಗೆದರೆ ಸಾಲದೇ?

ಸಾಲದು. ಇಡೀ ಪ್ರಕ್ರಿಯೆಯಲ್ಲಿ ಅತಿ ಸುಲಭವಾಗಿ ಕೈತಪ್ಪುವ ಹಂತ ಇದೇ ಎಂದು ನನ್ನ ಅಭಿಪ್ರಾಯ. ಜೀವಕೋಶಗಳು ಲೋಳೆಯ ಸಮೇತ ಎಳೆಗಳ ಬುಡದಲ್ಲಿ ಅಂಟಿಕೊಂಡಿರುತ್ತವೆ, ಸುಮ್ಮನೆ ಅದ್ದಿದರೆ ಬಿಡುವುದಿಲ್ಲ. ಥಿನ್‌ಪ್ರೆಪ್ ಎಂಬ ದ್ರವವಿಧಾನದ ಡಬ್ಬಿಯಾದರೆ ಬ್ರಷ್ಷನ್ನು ತಳಕ್ಕೆ ಒತ್ತಿ ಎಳೆಗಳು ಅಗಲವಾಗಿ ಬಿರಿಯುವಂತೆ 10 ಸಲ ಮಾಡಿ, ಕೊನೆಗೆ ಜೋರಾಗಿ ಗರಗರನೆ ತಿರುಗಿಸಿ ತೆಗೆಯಬೇಕು. ತಳಕ್ಕೆ ಒತ್ತಿದಾಗಲೆಲ್ಲ ದ್ರವ ಕದಡಿ, ಎಳೆಗಳ ನಡುವಿನಿಂದ ಬೂದುಬಿಳಿಯ ಚೂರುಗಳು ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ಹತ್ತು ಸಲ ಮುಗಿದ ಮೇಲೂ ಎಳೆಗಳ ಮೇಲೆ ಲೋಳೆ ಉಳಿದಿದ್ದರೆ ಇನ್ನೆರಡು ಸಲ ಒತ್ತಿ. ಈ ಕೆಲಸವನ್ನು ಮಾದರಿ ತೆಗೆದ ಕೂಡಲೇ ಮಾಡಬೇಕು. ಶ್ಯೂರ್‌ಪಾತ್ ಎಂಬ ಇನ್ನೊಂದು ದ್ರವವಿಧಾನದಲ್ಲಿ ಬ್ರಷ್‌ನ ತಲೆಯನ್ನೇ ಕಳಚಿ ಡಬ್ಬಿಯಲ್ಲಿ ಬಿಡುವುದರಿಂದ ಈ ತೊಂದರೆ ಕಡಿಮೆ, ಆದರೆ ತಲೆ ಹಾಕಲು ಮರೆತ ಡಬ್ಬಿಯಿಂದ ಹೆಚ್ಚೇನೂ ಸಿಗುವುದಿಲ್ಲ.

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಂಗೆ ಜೆಲ್ ಹಚ್ಚಿದರೆ ರೋಗಿಗೆ ಹಿತ. ಹಚ್ಚಬಹುದೇ?

ಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದರೆ ಬಹುತೇಕರಿಗೆ ಸಾಕಾಗುತ್ತದೆ. ವಯಸ್ಸಾದವರಿಗೆ, ನೋವಿರುವವರಿಗೆ ಜೆಲ್ ಬೇಕೇ ಆದರೆ, ಕಾರ್ಬೊಮರ್ ಎಂಬ ಮಂದಕಾರಕ ಇಲ್ಲದ, ನೀರಿನಲ್ಲಿ ಕರಗುವ ಜೆಲ್ಲನ್ನು ತುದಿಗೆ ತಾಗದಂತೆ ಹೊರಬದಿಗೆ ಮಾತ್ರ ತೆಳ್ಳಗೆ ಹಚ್ಚಿ. ಕಾರ್ಬೊಮರ್ ಇರುವ ಜೆಲ್ ದ್ರವದಲ್ಲಿ ಗಂಟುಕಟ್ಟಿ, ಸ್ಲೈಡ್ ಮಾಡುವಾಗ ಜೀವಕೋಶಗಳನ್ನು ಸೋಸುವ ಫಿಲ್ಟರ್‌ನ ರಂಧ್ರಗಳನ್ನು ಮುಚ್ಚುತ್ತದೆ. ಆಗ ಡಬ್ಬಿಯಲ್ಲಿ ಜೀವಕೋಶಗಳು ಬೇಕಾದಷ್ಟಿದ್ದರೂ ಸ್ಲೈಡ್ ಖಾಲಿ ಬರುತ್ತದೆ.

ನಮ್ಮಲ್ಲಿ ದ್ರವದ ಡಬ್ಬಿ ಇಲ್ಲ, ಗಾಜಿನ ಮೇಲೆ ಸವರಿಯೇ ಕಳಿಸುತ್ತೇವೆ. ಅದನ್ನು ಯಂತ್ರ ಓದುವುದಿಲ್ಲವೇ?

ಓದುವ ಯಂತ್ರಗಳಿವೆ. ಬೆಂಗಳೂರಿನ ಐಂದ್ರಾ ಸಿಸ್ಟಮ್ಸ್ ಸಂಸ್ಥೆಯು ಸಾಮಾನ್ಯ ಪ್ಯಾಪ್ ಸ್ಮಿಯರ್‌ಗೆ ಬಣ್ಣ ಹಾಕುವ, ಸ್ಕ್ಯಾನ್ ಮಾಡುವ ಮತ್ತು ಎಐ ಮೂಲಕ ವಿಂಗಡಿಸುವ ಉಪಕರಣಗಳನ್ನು ರೂಪಿಸಿದೆ. ದ್ರವದ ಡಬ್ಬಿಯ ಖರ್ಚನ್ನು ಹೊರಲಾಗದ ಕಡೆ ಈ ದಾರಿಯೇ ಸೂಕ್ತವಾಗಬಹುದು. ಆದರೆ ಸವರಿದ ಸ್ಲೈಡಿನಲ್ಲಿ ಎರಡು ಕಷ್ಟಗಳಿವೆ. ಮೊದಲನೆಯದು, ಕಡ್ಡಿಯಲ್ಲಿ ತೆಗೆದ ಜೀವಕೋಶಗಳಲ್ಲಿ ಒಂದು ಪಾಲು ಮಾತ್ರ ಗಾಜಿಗೆ ಅಂಟುತ್ತದೆ, ಉಳಿದದ್ದು ಕಡ್ಡಿಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಗಾಜಿಗೆ ಬಂದದ್ದೂ ಕೆಲವೆಡೆ ದಪ್ಪ, ಕೆಲವೆಡೆ ತೆಳು.

ಎರಡನೆಯದು ಗಾಳಿಗೆ ಒಣಗುವುದು. ಸವರಿದ ಸ್ಲೈಡನ್ನು ಕೆಲವು ಸೆಕೆಂಡುಗಳಲ್ಲೇ ಶೇ 95ರ ಆಲ್ಕೊಹಾಲ್‌ನಲ್ಲಿ ಮುಳುಗಿಸಬೇಕು. ಹೆಸರು ಬರೆಯುವುದು, ಫಾರಂ ತುಂಬುವುದು ಇವೆಲ್ಲ ಮಾದರಿ ತೆಗೆಯುವ ಮೊದಲೇ ಮುಗಿದಿರಬೇಕು. ಮೇಲೆ ಫ್ಯಾನ್ ತಿರುಗುತ್ತಿದ್ದರೆ ನಿಲ್ಲಿಸಿ. ಒಣಗಿದ ಜೀವಕೋಶ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ನ್ಯೂಕ್ಲಿಯಸ್ ಉಬ್ಬಿ ಮಸುಕಾಗುತ್ತದೆ, ಒಳಗಿನ ಕ್ರೊಮ್ಯಾಟಿನ್‌ನ (ಡಿಎನ್‌ಎ ಇರುವ ವಸ್ತು) ಗೆರೆಗಳು ಅಳಿಸಿದಂತಾಗುತ್ತವೆ, ಹಸಿರು-ನೀಲಿ ಬರಬೇಕಾದ ಸೈಟೊಪ್ಲಾಸಂ (ನ್ಯೂಕ್ಲಿಯಸ್‌ನ ಸುತ್ತಲಿನ ಭಾಗ) ಗುಲಾಬಿ-ಕಿತ್ತಳೆಗೆ ತಿರುಗುತ್ತದೆ. ಅನುಭವಿ ಕಣ್ಣು ಇದನ್ನು ಒಣಗಿದ ದೋಷವೆಂದು ಗುರುತಿಸುತ್ತದೆ. ನ್ಯೂಕ್ಲಿಯಸ್‌ನ ಗಾತ್ರ ಅಳೆಯುವ ಯಂತ್ರ ಮಾತ್ರ ಆರೋಗ್ಯವಂತ ಜೀವಕೋಶವನ್ನು ದೊಡ್ಡದೆಂದು ಎತ್ತಿ ತೋರಿಸಬಹುದು, ಮಸುಕಾದ ಅಸಹಜ ಜೀವಕೋಶವನ್ನು ಕೈಬಿಡಬಹುದು.

ಡಬ್ಬಿಯನ್ನು ಎಷ್ಟು ದಿನ ಇಡಬಹುದು? ಬೇಸಿಗೆಯಲ್ಲಿ ರಾಯಚೂರಿನಿಂದ ಕಳಿಸಿದರೆ ಕೆಡುತ್ತದೆಯೇ?

ಮೆಥನಾಲ್ ಇರುವ ಥಿನ್‌ಪ್ರೆಪ್ ದ್ರವದಲ್ಲಿ 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ವಾರ, ಎಥನಾಲ್ ಇರುವ ಶ್ಯೂರ್‌ಪಾತ್ ದ್ರವದಲ್ಲಿ ಕೋಣೆಯ ಉಷ್ಣಾಂಶದಲ್ಲಿ 4 ವಾರ, ಫ್ರಿಜ್‌ನಲ್ಲಿ 6 ತಿಂಗಳು ಇಡಬಹುದೆಂದು ತಯಾರಕರು ಹೇಳುತ್ತಾರೆ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಗಾಡಿಯೊಳಗೆ ಇನ್ನೂ ಹೆಚ್ಚು. ಆದ್ದರಿಂದ ಡಬ್ಬಿಗಳನ್ನು ಬಿಸಿಲು ತಾಗದ, ತಂಪು ಉಳಿಯುವ ಪೆಟ್ಟಿಗೆಯಲ್ಲಿ ಕಳಿಸಿ. ಬಸ್ಸಿನ ಮೇಲೆ ಅಥವಾ ಎಂಜಿನ್ ಪಕ್ಕ ಇಡಲು ಬಿಡಬೇಡಿ. ಎರಡೂ ದ್ರವಗಳಿಗೆ ಬೆಂಕಿ ಹತ್ತುತ್ತದೆ; ಮೆಥನಾಲ್ ವಿಷವೂ ಹೌದು. ಮುಚ್ಚಳದ ಗುರುತುಗಳು ಒಂದಕ್ಕೊಂದು ಸೇರುವಷ್ಟು ಬಿಗಿ ಮಾಡದಿದ್ದರೆ ದಾರಿಯಲ್ಲೇ ಅರ್ಧ ದ್ರವ ಸೋರಿಹೋಗುತ್ತದೆ.

## ಪ್ರಯೋಗಾಲಯದ ಮೇಜಿನ ಮೇಲೆ

ದ್ರವದಲ್ಲಿ ತೇಲುವ ಜೀವಕೋಶಗಳು ಗಾಜಿನ ಮೇಲೆ ತೆಳು ಪದರವಾಗಿ ಹೇಗೆ ಕೂರುತ್ತವೆ?

ಎರಡು ದಾರಿಗಳಿವೆ. ಥಿನ್‌ಪ್ರೆಪ್ ವಿಧಾನದಲ್ಲಿ ತಳಕ್ಕೆ ಫಿಲ್ಟರ್ ಇರುವ ಒಂದು ಕೊಳವೆಯನ್ನು ಡಬ್ಬಿಯೊಳಗೆ ಇಳಿಸಿ ತಿರುಗಿಸುತ್ತಾರೆ. ತಿರುಗುವಿಕೆಗೆ ಲೋಳೆ ಹರಿದು, ಗುಂಪುಗಳು ಬಿಡಿಯಾಗುತ್ತವೆ. ಬಳಿಕ ಮೆಲ್ಲನೆ ಹೀರಿದಾಗ ದ್ರವವೂ ಸಣ್ಣ ಕಸವೂ ರಂಧ್ರಗಳ ಮೂಲಕ ಹಾದುಹೋಗಿ, ಜೀವಕೋಶಗಳು ಫಿಲ್ಟರ್‌ನ ಹೊರಮೈಗೆ ಅಂಟಿಕೊಳ್ಳುತ್ತವೆ. ರಂಧ್ರಗಳು ಮುಚ್ಚುತ್ತ ಬಂದಂತೆ ಹರಿವು ತಗ್ಗುವುದನ್ನು ಯಂತ್ರ ಗ್ರಹಿಸಿ ಹೀರುವುದನ್ನು ನಿಲ್ಲಿಸುತ್ತದೆ. ಫಿಲ್ಟರನ್ನು ಗಾಜಿಗೆ ಒತ್ತಿದಾಗ 20 ಮಿಲಿಮೀಟರ್ ಅಗಲದ ವೃತ್ತದಲ್ಲಿ ಜೀವಕೋಶಗಳು ಇಳಿಯುತ್ತವೆ, ಸ್ಲೈಡ್ ನೇರವಾಗಿ ಆಲ್ಕೊಹಾಲ್‌ಗೆ ಬೀಳುತ್ತದೆ.

ಶ್ಯೂರ್‌ಪಾತ್ ವಿಧಾನದಲ್ಲಿ ಮಾದರಿಯನ್ನು ಕಲಕಿ, ಸಾಂದ್ರತೆ ಹೆಚ್ಚಿರುವ ಇನ್ನೊಂದು ದ್ರವದ ಮೇಲೆ ಪದರವಾಗಿ ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಭಾರವಾದ ಜೀವಕೋಶಗಳು ತಳ ಸೇರುತ್ತವೆ. ರಕ್ತ, ಲೋಳೆ, ಕೀವಿನ ಕಣಗಳ ಬಹುಪಾಲು ಮೇಲೆ ಉಳಿಯುತ್ತದೆ. ತಳದ ಜೀವಕೋಶಗಳು ಅನಂತರ ತಮ್ಮ ಭಾರದಿಂದಲೇ ಗಾಜಿನ ಮೇಲೆ 13 ಮಿಲಿಮೀಟರ್ ವೃತ್ತದಲ್ಲಿ ಕೂರುತ್ತವೆ. ಯಾವುದು ಮೇಲು ಎಂಬ ವಾದಕ್ಕಿಂತ, ಒಂದು ಪ್ರಯೋಗಾಲಯ ಒಂದೇ ವಿಧಾನವನ್ನು ಚೆನ್ನಾಗಿ ಮಾಡುವುದು ಮುಖ್ಯ. ಒಂದಕ್ಕೆ ಕಲಿಸಿದ ಸಾಫ್ಟ್‌ವೇರಿಗೆ ಇನ್ನೊಂದರ ಸ್ಲೈಡ್ ಕೊಡಬಾರದು.

ರಕ್ತ ತುಂಬಿದ ಮಾದರಿ ಬಂದರೆ ತಿರಸ್ಕರಿಸಬೇಕೇ?

ನೋಡಿದ ತಕ್ಷಣ ಬೇಡ. ಫಿಲ್ಟರ್ ವಿಧಾನಕ್ಕೆ ರಕ್ತ ದೊಡ್ಡ ಶತ್ರು, ಕೆಂಪು ಕಣಗಳ ಚೂರುಗಳೇ ರಂಧ್ರ ಮುಚ್ಚುತ್ತವೆ. ಅಂಥ ಮಾದರಿಯನ್ನು ಗ್ಲೇಷಿಯಲ್ ಅಸಿಟಿಕ್ ಆಮ್ಲ ಬೆರೆಸಿದ ತೊಳೆಯುವ ದ್ರಾವಣದಲ್ಲಿ ತೊಳೆದು, ಸೆಂಟ್ರಿಫ್ಯೂಜ್ ಮಾಡಿ, ಹೊಸ ದ್ರವಕ್ಕೆ ಹಾಕಿ ಮತ್ತೆ ಸ್ಲೈಡ್ ಮಾಡಬಹುದು. ಅದೇ ಡಬ್ಬಿಯಿಂದ ಎಚ್‌ಪಿವಿ ಪರೀಕ್ಷೆಯೂ ಆಗಬೇಕಿದ್ದರೆ, ಆಮ್ಲ ಹಾಕುವ ಮೊದಲೇ ಒಂದು ಭಾಗವನ್ನು ಬೇರೆ ಟ್ಯೂಬಿಗೆ ತೆಗೆದಿಡಬೇಕು. ಸ್ಲೈಡ್ ಮಾಡುವಾಗ ಒಂದು ಡಬ್ಬಿಯ ಅಂಶ ಇನ್ನೊಂದಕ್ಕೆ ಸೇರುವ ಅಪಾಯವೂ ಇರುವುದರಿಂದ, ಮೊದಲೇ ತೆಗೆದಿಡುವುದನ್ನು ಎಲ್ಲ ಮಾದರಿಗಳಿಗೂ ನಿಯಮ ಮಾಡಿಕೊಂಡರೆ ಒಳ್ಳೆಯದು.

ಒಂದು ಸ್ಲೈಡಿನಲ್ಲಿ ಎಷ್ಟು ಜೀವಕೋಶಗಳಿದ್ದರೆ ಸಾಕು? ಅಷ್ಟನ್ನೂ ಎಣಿಸುವುದು ಹೇಗೆ?

ಪ್ಯಾಪ್ ವರದಿ ಬರೆಯಲು ಬಳಸುವ ಬೆಥೆಸ್ಡಾ ಪದ್ಧತಿಯ ಪ್ರಕಾರ ದ್ರವದ ವಿಧಾನದಲ್ಲಿ ಚೆನ್ನಾಗಿ ಕಾಣುವ ಚಪ್ಪಟೆ ಜೀವಕೋಶಗಳು ಕನಿಷ್ಠ 5,000 ಇರಬೇಕು, ಸವರಿದ ಸ್ಲೈಡಿನಲ್ಲಿ 8,000ದಿಂದ 12,000. ಒಂದೊಂದಾಗಿ ಎಣಿಸಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತದ ವ್ಯಾಸ ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಆಗ 20 ಮಿಲಿಮೀಟರ್ ವೃತ್ತದಲ್ಲಿ ಅಂಥ 1,600 ನೋಟಗಳಷ್ಟು ವಿಸ್ತಾರವಿರುತ್ತದೆ. ಒಂದು ನೋಟಕ್ಕೆ ಸರಾಸರಿ 3ಕ್ಕಿಂತ ತುಸು ಹೆಚ್ಚು ಜೀವಕೋಶಗಳಿದ್ದರೆ 5,000 ಆಯಿತು. 13 ಮಿಲಿಮೀಟರ್ ವೃತ್ತಕ್ಕೆ ಇದೇ ಲೆಕ್ಕದಲ್ಲಿ 7ಕ್ಕಿಂತ ಹೆಚ್ಚು ಬೇಕು. ವೃತ್ತದ ನಡುವನ್ನು ಹಾದುಹೋಗುವ ಗೆರೆಯಲ್ಲಿ ಕನಿಷ್ಠ 10 ನೋಟಗಳನ್ನು ಎಣಿಸಿ ಸರಾಸರಿ ತೆಗೆಯಬೇಕು.

ಸಂಖ್ಯೆ ಸಾಕಾಗದಿದ್ದರೂ ಅಸಹಜ ಜೀವಕೋಶ ಕಂಡರೆ ಆ ಸ್ಲೈಡ್ ವರದಿಗೆ ಯೋಗ್ಯವೇ. ಉಳಿದಂತೆ, ಜೀವಕೋಶ ಸಾಲದ ಮಾದರಿಯನ್ನು ‘ಸಹಜ’ ಎಂದು ಬರೆಯುವುದು ಆ ಮಹಿಳೆಗೆ ಮಾಡುವ ಅನ್ಯಾಯ. ಅಸಮರ್ಪಕ ಎಂದೇ ಬರೆದು, ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೆ ಕರೆಸಬೇಕು.

ಬಣ್ಣ ಹಾಕುವುದರಲ್ಲಿ ಯಂತ್ರಕ್ಕೆಂದು ಬೇರೆ ನಿಯಮವಿದೆಯೇ?

ಇದೆ. ಪಾಪನಿಕೊಲಾವ್ ವಿಧಾನದಲ್ಲಿ ಹೆಮಟಾಕ್ಸಿಲಿನ್ ನ್ಯೂಕ್ಲಿಯಸ್‌ಗೆ ನೀಲಿ ಕೊಡುತ್ತದೆ, ಆರೆಂಜ್-ಜಿ ಮತ್ತು ಇಎ ಬಣ್ಣಗಳು ಸೈಟೊಪ್ಲಾಸಂಗೆ ಕಿತ್ತಳೆ, ಗುಲಾಬಿ, ಹಸಿರು ಕೊಡುತ್ತವೆ. ಹೆಮಟಾಕ್ಸಿಲಿನ್ ಎಷ್ಟು ಗಾಢವಾಗಿ ಹಿಡಿಯಿತೆಂಬುದು ನ್ಯೂಕ್ಲಿಯಸ್‌ನ ಡಿಎನ್‌ಎ ಪ್ರಮಾಣವನ್ನು ನಿಖರವಾಗಿ ಹೇಳುವುದಿಲ್ಲ. ದ್ರಾವಣದ ವಯಸ್ಸು, ಅದ್ದಿದ ಸಮಯ, ತೊಳೆದ ನೀರು ಎಲ್ಲದರ ಪ್ರಭಾವ ಅದರಲ್ಲಿದೆ. ಮನುಷ್ಯನ ಕಣ್ಣು ಇಂಥ ಏರುಪೇರಿಗೆ ತಾನೇ ಹೊಂದಿಕೊಳ್ಳುತ್ತದೆ, ಯಂತ್ರ ಹೊಂದಿಕೊಳ್ಳದಿರಬಹುದು. ಅದಕ್ಕಾಗಿಯೇ ಕೆಲವು ವ್ಯವಸ್ಥೆಗಳು ಫ್ಯುಲ್ಗೆನ್ ತತ್ವದ ಬಣ್ಣವನ್ನು ಬಳಸುತ್ತವೆ. ಅದರಲ್ಲಿ ಬಣ್ಣದ ಗಾಢತೆ ಡಿಎನ್‌ಎಗೆ ಅನುಪಾತದಲ್ಲಿರುತ್ತದೆ.

ಸಾಮಾನ್ಯ ಪ್ಯಾಪ್ ಬಣ್ಣವನ್ನೇ ಬಳಸುವವರು ನೀರಿನ ಕಡೆ ಗಮನ ಕೊಡಬೇಕು. ಹೆಮಟಾಕ್ಸಿಲಿನ್ ನಂತರ ಸ್ಲೈಡನ್ನು ನಲ್ಲಿ ನೀರಿನಲ್ಲಿ ನೀಲಿಗೆ ತಿರುಗಿಸುವ ರೂಢಿಯಿದೆ. ಬೋರ್‌ವೆಲ್‌ನ ಗಡಸು ನೀರು ಒಂದು ಬಗೆಯ ನೀಲಿ ಕೊಟ್ಟರೆ, ಕ್ಲೋರಿನ್ ಹೆಚ್ಚಿರುವ ನೀರು ಬಣ್ಣವನ್ನು ಮಸುಕಾಗಿಸಬಹುದು. ಟ್ಯಾಂಕರ್ ಬಂದ ದಿನ ಇನ್ನೊಂದು ಬಗೆ. ಸ್ಕಾಟ್ ದ್ರಾವಣದಂಥ, ಪ್ರತಿದಿನ ಒಂದೇ ಪ್ರಮಾಣದಲ್ಲಿ ಬೆರೆಸಿದ ದ್ರಾವಣವನ್ನು ಬಳಸಿದರೆ ಈ ಏರುಪೇರು ನಿಲ್ಲುತ್ತದೆ. ಹೆಮಟಾಕ್ಸಿಲಿನ್ನನ್ನು ದಿನವೂ ಸೋಸಿ, ದಿನದ ಮೊದಲ ಸ್ಲೈಡನ್ನು ಪರೀಕ್ಷಿಸಿದ ಮೇಲೆಯೇ ಉಳಿದವನ್ನು ಹಾಕಬೇಕು.

ಕವರ್‌ಸ್ಲಿಪ್ ಹಾಕುವುದರಲ್ಲೂ ತಪ್ಪಾಗುತ್ತದೆಯೇ?

ಆಗುತ್ತದೆ. ಕ್ಸೈಲೀನ್‌ನಿಂದ ತೆಗೆದ ಸ್ಲೈಡ್ ಒಣಗಲು ಬಿಟ್ಟರೆ ಜೀವಕೋಶದ ಮೇಲೆ ಗಾಳಿ ಸಿಕ್ಕಿಕೊಂಡು, ನ್ಯೂಕ್ಲಿಯಸ್ಸನ್ನು ಮುಚ್ಚುವ ಕಂದು ಚುಕ್ಕೆಗಳು ಕಾಣಿಸುತ್ತವೆ. ಅಂಟು ದಪ್ಪವಾದರೆ ಯಂತ್ರದ ಫೋಕಸ್ ತಪ್ಪುತ್ತದೆ, ಗಾಳಿಗುಳ್ಳೆ ಇದ್ದರೆ ಆ ಜಾಗ ಓದಿಗೆ ಸಿಗುವುದಿಲ್ಲ. ಬೆರಳಚ್ಚು, ಮಾರ್ಕರ್ ಪೆನ್ನಿನ ಚುಕ್ಕೆ, ಒಡೆದ ಅಂಚು ಇವೂ ಸ್ಲೈಡ್ ತಿರಸ್ಕಾರಕ್ಕೆ ಕಾರಣವಾಗುತ್ತವೆ.

## ಯಂತ್ರದ ಬಗ್ಗೆ ಆಳದ ಪ್ರಶ್ನೆಗಳು

ಯಂತ್ರ ಜೀವಕೋಶದಲ್ಲಿ ಏನನ್ನು ನೋಡುತ್ತದೆ?

ಹಳೆಯ ವ್ಯವಸ್ಥೆಗಳು ಮುಖ್ಯವಾಗಿ ನ್ಯೂಕ್ಲಿಯಸ್‌ನ ಗಾತ್ರ ಮತ್ತು ಗಾಢತೆಯನ್ನು ಅಳೆಯುತ್ತಿದ್ದವು. ಸಾಮಾನ್ಯ ಮಧ್ಯಪದರದ ಜೀವಕೋಶದ ನ್ಯೂಕ್ಲಿಯಸ್‌ನ ವಿಸ್ತೀರ್ಣ ಸುಮಾರು 35 ಚದರ ಮೈಕ್ರಾನ್. ಅದರ ಮೂರು ಪಟ್ಟಿಗಿಂತ ದೊಡ್ಡದಾದರೆ ಕೆಳದರ್ಜೆಯ, ಅಂದರೆ ಸೌಮ್ಯವಾದ ಬದಲಾವಣೆಯ ಅನುಮಾನ. ಕ್ಯಾನ್ಸರಿಗೆ ಹೆಚ್ಚು ಹತ್ತಿರವಾದ ಮೇಲ್ದರ್ಜೆಯ ಬದಲಾವಣೆಯಲ್ಲಿ ನ್ಯೂಕ್ಲಿಯಸ್ ಅಷ್ಟು ದೊಡ್ಡದಿರದೆ, ಸುತ್ತಲಿನ ಸೈಟೊಪ್ಲಾಸಂ ಮಾತ್ರ ಕುಗ್ಗಿರಬಹುದು. ಈಗಿನ ಎಐ ಮಾದರಿಗಳು ಚಿತ್ರವನ್ನು ಇಡಿಯಾಗಿ ಕಲಿಯುತ್ತವೆ. ಒಂದು ಪಿಕ್ಸೆಲ್‌ಗೆ ಕಾಲು ಮೈಕ್ರಾನ್‌ನಂತೆ ಸ್ಕ್ಯಾನ್ ಮಾಡಿದರೆ 20 ಮಿಲಿಮೀಟರ್ ವೃತ್ತದಲ್ಲಿ ಸುಮಾರು 500 ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿ ಹಲವು ಪದರ ತೆಗೆದರೆ ಅದರ ಹಲವು ಪಟ್ಟು.

ಯಾವ ಮಾದರಿಗಳಲ್ಲಿ ಯಂತ್ರ ಎಡವುತ್ತದೆ?

ಮುಟ್ಟು ನಿಂತವರ ಮಾದರಿಯಲ್ಲಿ ಸಹಜ ಜೀವಕೋಶಗಳೇ ಚಿಕ್ಕದಾಗಿದ್ದು, ಅವುಗಳ ನ್ಯೂಕ್ಲಿಯಸ್ ತುಲನೆಗೆ ದೊಡ್ಡದಾಗಿ ಕಾಣುತ್ತದೆ. ಸುಳ್ಳು ಎಚ್ಚರಿಕೆ ಹೆಚ್ಚು. ಗಾಢ ನ್ಯೂಕ್ಲಿಯಸ್‌ಗಳ ಇಕ್ಕಟ್ಟಾದ ಗುಂಪುಗಳಲ್ಲಿ ಒಳಗಿನದ್ದು ಬಿಡಿಯಾಗಿ ಕಾಣುವುದಿಲ್ಲ. ಗ್ರಂಥಿ ಜೀವಕೋಶಗಳ ಬದಲಾವಣೆ, ರೇಡಿಯೇಷನ್ ಚಿಕಿತ್ಸೆ ಪಡೆದವರ ಜೀವಕೋಶಗಳು, ಅಲ್ಲೊಂದು ಇಲ್ಲೊಂದು ಬಿಡಿಯಾಗಿ ಕೂತ ಸಣ್ಣ ಮೇಲ್ದರ್ಜೆಯ ಜೀವಕೋಶಗಳು ಇವು ಮನುಷ್ಯರಿಗೂ ಕಷ್ಟವೇ. ಆದ್ದರಿಂದ ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಹಿಂದಿನ ವರದಿ, ಪಡೆದ ಚಿಕಿತ್ಸೆ ಇವನ್ನು ಫಾರಂನಲ್ಲಿ ತಪ್ಪದೆ ಬರೆಯಿರಿ.

ಯಂತ್ರ ಮನುಷ್ಯನಿಗಿಂತ ಮೇಲು ಎಂದು ಸಾಬೀತಾಗಿದೆಯೇ?

ಎಲ್ಲ ಕಡೆ ಒಂದೇ ಉತ್ತರ ಬಂದಿಲ್ಲ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಯಂತ್ರದ ನೆರವಿನಿಂದ ಓದಿದ ದ್ರವವಿಧಾನದ ಸ್ಲೈಡುಗಳು ಸವರಿದ ಸ್ಲೈಡಿಗಿಂತ ಹೆಚ್ಚು ಮೇಲ್ದರ್ಜೆಯ ಬದಲಾವಣೆಗಳನ್ನು ಹಿಡಿದವು, ಅಸಮರ್ಪಕ ಸ್ಲೈಡುಗಳೂ ಕಡಿಮೆಯಾದವು. ಇಂಗ್ಲೆಂಡಿನ ಮ್ಯಾವರಿಕ್ ಪ್ರಯೋಗದ 2011ರ ಫಲಿತಾಂಶ ಬೇರೆ. ಅಲ್ಲಿ ಎರಡೂ ಕಡೆ ದ್ರವವಿಧಾನದ ಸ್ಲೈಡುಗಳೇ ಇದ್ದವು. ಯಂತ್ರದ ನೆರವಿನ ಓದು ಕೈಯೋದಿಗಿಂತ ಶೇ 8ರಷ್ಟು ಕಡಿಮೆ ಸೂಕ್ಷ್ಮವಾಗಿತ್ತು, ಅಂದರೆ ಇರುವ ಬದಲಾವಣೆಗಳನ್ನು ಅಷ್ಟು ಕಡಿಮೆ ಹಿಡಿಯಿತು, ಆದರೆ ವೇಗ ಹೆಚ್ಚಿತ್ತು. ಇವೆರಡನ್ನೂ ಒಟ್ಟಿಗೆ ಓದಿದರೆ, ಮೊದಲ ಅಧ್ಯಯನದ ಲಾಭದಲ್ಲಿ ಒಂದು ಪಾಲಾದರೂ ಸ್ಲೈಡಿನ ಸಿದ್ಧತೆಯಿಂದಲೇ ಬಂದಿರಬಹುದೆಂದು ನನಗನ್ನಿಸುತ್ತದೆ.

ಎಚ್‌ಪಿವಿ ಪರೀಕ್ಷೆ ಬಂದ ಮೇಲೆ ಇಷ್ಟೆಲ್ಲ ಏಕೆ?

ವಿಶ್ವ ಆರೋಗ್ಯ ಸಂಸ್ಥೆಯು 2021ರಿಂದ ಮೊದಲ ತಪಾಸಣೆಗೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಶಿಫಾರಸು ಮಾಡುತ್ತಿದೆ. ಆಸ್ಟ್ರೇಲಿಯ, ನೆದರ್ಲೆಂಡ್ಸ್, ಇಂಗ್ಲೆಂಡ್ ಆ ದಾರಿ ಹಿಡಿದಿವೆ. ಭಾರತದ ಸರ್ಕಾರಿ ಕಾರ್ಯಕ್ರಮ 30 ವರ್ಷ ದಾಟಿದ ಮಹಿಳೆಯರಿಗೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆಯನ್ನು ಆಧರಿಸಿದೆ. ಹಾಗಿದ್ದರೂ, ಎಚ್‌ಪಿವಿ ಸೋಂಕು ಕಂಡ ಎಲ್ಲರಿಗೂ ಕ್ಯಾನ್ಸರ್‌ಪೂರ್ವ ಬದಲಾವಣೆ ಇರುವುದಿಲ್ಲ. ಯಾರನ್ನು ಮೊದಲು ಕಾಲ್ಪೊಸ್ಕೊಪಿಗೆ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ಮಾಡುವ ಪರೀಕ್ಷೆ) ಕಳಿಸಬೇಕೆಂದು ವಿಂಗಡಿಸಲು ಹಲವು ದೇಶಗಳು ಅದೇ ಡಬ್ಬಿಯ ಜೀವಕೋಶಗಳನ್ನು ಓದುತ್ತವೆ. ಓದುವ ಸ್ಲೈಡುಗಳ ಸಂಖ್ಯೆ ಇಳಿಯುತ್ತದೆ, ಆದರೆ ಅವುಗಳಲ್ಲಿ ರೋಗವಿರುವ ಸಂಭವ ಹೆಚ್ಚಿರುವುದರಿಂದ ಪ್ರತಿ ಸ್ಲೈಡಿನ ಗುಣಮಟ್ಟದ ಬೆಲೆ ಏರುತ್ತದೆ.

ಬೇರೆ ದೇಶದಲ್ಲಿ ಕಲಿಸಿದ ಎಐ ನಮ್ಮ ಲ್ಯಾಬಿನ ಸ್ಲೈಡಿಗೆ ಸರಿಹೋಗುತ್ತದೆಯೇ? ಕೊಳ್ಳುವ ಮೊದಲು ಏನು ಮಾಡಬೇಕು?

ಸರಿಹೋಗುತ್ತದೆಂದು ಊಹಿಸಬೇಡಿ. ಬೇರೆ ಬಣ್ಣ, ಬೇರೆ ಸ್ಕ್ಯಾನರ್, ಬೇರೆ ಪ್ರಮಾಣದ ಸೋಂಕು ಮತ್ತು ಉರಿಯೂತ ಇರುವ ಮಾದರಿಗಳ ಮುಂದೆ ಅದೇ ಸಾಫ್ಟ್‌ವೇರ್ ಬೇರೆ ರೀತಿ ನಡೆದುಕೊಳ್ಳುತ್ತದೆ. ನಿಮ್ಮಲ್ಲೇ ತಯಾರಾದ, ಬಯಾಪ್ಸಿಯಿಂದ ಫಲಿತಾಂಶ ಖಚಿತವಾದ ಹಳೆಯ ಸ್ಲೈಡುಗಳನ್ನು ಮೊದಲು ಯಂತ್ರಕ್ಕೆ ಕೊಡಿ. ಮೇಲ್ದರ್ಜೆಯ ಬದಲಾವಣೆಗಳಲ್ಲಿ ಎಷ್ಟನ್ನು ಬಿಟ್ಟಿತೆಂಬುದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಒಟ್ಟು ನಿಖರತೆಯ ಒಂದೇ ಅಂಕಿಗೆ ತೃಪ್ತರಾಗಬೇಡಿ. ಬಹುಪಾಲು ಸ್ಲೈಡುಗಳು ಸಹಜವೇ ಆಗಿರುವಾಗ ಆ ಅಂಕಿ ಸದಾ ಚೆನ್ನಾಗಿಯೇ ಕಾಣುತ್ತದೆ. ಯಂತ್ರ ಓದಲಾಗದೆ ಹಿಂದಿರುಗಿಸಿದ ಸ್ಲೈಡುಗಳನ್ನೂ ಎಣಿಸಿ, ಪ್ರತಿಯೊಂದರ ಕಾರಣವನ್ನು ಬರೆದಿಡಿ: ಜೀವಕೋಶ ಸಾಲದ್ದು, ರಕ್ತ, ಜೆಲ್, ಬಣ್ಣ, ಗಾಳಿಗುಳ್ಳೆ. ಆ ಪಟ್ಟಿಯನ್ನು ಪ್ರತಿ ತಿಂಗಳು ಮಾದರಿ ತೆಗೆಯುವ ಕೇಂದ್ರಗಳಿಗೆ ಅವರವರ ಹೆಸರಿನಲ್ಲಿ ಕಳಿಸಿ, ಯಾವ ಕೇಂದ್ರದಿಂದ ಒಂದೇ ದೋಷ ಮರುಕಳಿಸುತ್ತದೋ ಅಲ್ಲಿಗೆ ಒಬ್ಬರು ಹೋಗಿ ಬ್ರಷ್ಷನ್ನು ಡಬ್ಬಿಯ ದ್ರವದಲ್ಲಿ ತೊಳೆಯುವುದರಿಂದ ಶುರುಮಾಡಿ ಮತ್ತೆ ಕಲಿಸಬೇಕು.